ವಾರ್ಡರ್ ವೆಂಕಟಸ್ವಾಮಿಯ ಸಹಿ

ವೆಂಕಟಸ್ವಾಮಿ ಮೂವತ್ತೊಂದು ವರ್ಷ ಜೈಲಿನಲ್ಲಿ ಜನರನ್ನು ಹೊಡೆದ. ಸಿಟ್ಟಿನಿಂದಲ್ಲ. ಸೂಪರಿಂಟೆಂಡೆಂಟರು ಹೊಡಿ ಅಂದಾಗ ಹೊಡೆಯುತ್ತಿದ್ದ, ಸಾಕು ಅಂದಾಗ ನಿಲ್ಲಿಸುತ್ತಿದ್ದ. ಒಂದು ಸಲ ಸಾಕು ಅನ್ನುವುದನ್ನು ಅವರು ಮರೆತರು. ನೆಲಕ್ಕೆ ಬಿದ್ದ ವಿಚಾರಣಾ ಕೈದಿ ಮತ್ತೆ ಏಳಲಿಲ್ಲ. ಎದೆನೋವು ಅಂತ ಬರೆದುಕೊಂಡರು. ಅವತ್ತು ಸಂಜೆ ಖಾಕಿ ಷರಟು ಒಗೆಯಲು ಹೋದ ಹೆಂಡತಿ ನಾಗಲಕ್ಷ್ಮಮ್ಮ ತೋಳಿನ ಮೇಲಿದ್ದ ಕಲೆ ನೋಡಿ, ಷರಟನ್ನು ಒಗೆಯದೆ ಒಲೆಗೆ ಹಾಕಿದಳು. ಆಮೇಲೆ ಗಂಡನ ಬಲಗೈಯನ್ನು ದೀಪದ ಮೇಲೆ ಹಿಡಿಸಿ ಆಣೆ ಹಾಕಿಸಿದಳು. ಇನ್ನೊಬ್ಬರ ಮೇಲೆ ಈ ಕೈ ಎತ್ತಿದರೆ ತಾನು ಅವನ ಪಾಲಿಗೆ ಸತ್ತಂತೆ ಎಂದಳು. ಮರುವರ್ಷ, ಎಪ್ಪತ್ತನಾಲ್ಕರಲ್ಲಿ, ಅವನು ರಿಟೈರಾದ.

ನಿವೃತ್ತ ನೌಕರರ ಸಂಘದ ಲಾಟರಿಯಲ್ಲಿ ಅವನಿಗೂ ಒಂದು ಸೈಟು ಬಿತ್ತು. ಈಗಿನ ಜೆ.ಪಿ. ನಗರ ದಾಟಿ, ಪುಟ್ಟೇನಹಳ್ಳಿ ಕೆರೆ ಕಾಣುವ ಹಾಗೆ ಮೂವತ್ತು-ನಲವತ್ತು ಅಡಿಯದು. ಎಡಕ್ಕೆ ರಿಟೈರಾದ ಹೆಡ್ ಮಾಸ್ಟರು, ಬಲಕ್ಕೆ ರಿಟೈರಾದ ತಹಶೀಲ್ದಾರರು, ಎದುರಿಗೆ ರಿಟೈರಾದ ಅಕೌಂಟ್ಸ್ ಸೂಪರಿಂಟೆಂಡೆಂಟ್ ಸೇತುರಾಮರು. ಎಲ್ಲರೂ ಮರ್ಯಾದಸ್ಥರು. ಎದುರಾದರೆ ನಮಸ್ಕಾರ ಹೇಳುತ್ತಿದ್ದರು. ಮನೆಯೊಳಕ್ಕೆ ಬನ್ನಿ, ಕಾಫಿ ಕುಡಿದು ಹೋಗಿ ಅಂದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ಈಗ ತಾನೇ ಆಯ್ತು. ಎಂಟು ವರ್ಷ ಆ ಇಡೀ ಬಡಾವಣೆಗೆ ಈಗ ತಾನೇ ಕಾಫಿ ಆಗುತ್ತಲೇ ಇತ್ತು. ಅವನು ಜೈಲಿನವನು ಅಂತಲೋ, ಬೇರೆ ಕೇರಿಯವನು ಅಂತಲೋ, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವೆಂಕಟಸ್ವಾಮಿಗೆ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಇತ್ತು. ಆ ಜನ ಒಂದು ದಿನವಾದರೂ ತನ್ನನ್ನು ತಮ್ಮವನು ಅಂತ ಕೂರಿಸಿಕೊಳ್ಳಲಿ ಅನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಅವನ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವನು ಒಬ್ಬನೇ, ಹಾಲು ಹಾಕುವ ಪಿಳ್ಳಣ್ಣ. ಆ ಬಡಾವಣೆಯ ನೆಲದಲ್ಲಿ ಎರಡು ಎಕರೆ ಅವನ ರಾಗಿ ಹೊಲವಾಗಿತ್ತು. ಬೆಳಗ್ಗೆ ಕ್ಯಾನು ಇಳಿಸಿ, ಜಗಲಿಯ ಮೇಲೆ ಕೂತು, ಯಾರ ಅಡುಗೆಮನೆ ತನ್ನ ಯಾವ ಬದುವಿನ ಮೇಲೆ ಬಂದಿದೆ ಅಂತ ನಗುತ್ತಾ ಹೇಳುತ್ತಿದ್ದ.

ಮನೆಗಳೇನೋ ಎದ್ದವು. ಹನ್ನೊಂದು ಇದ್ದದ್ದು ಎಂಬತ್ತೆರಡರ ಹೊತ್ತಿಗೆ ನೂರಾ ಅರವತ್ತಾದವು. ಅಂಗಡಿ ಮಾತ್ರ ಒಂದೂ ಬರಲಿಲ್ಲ. ನಕ್ಷೆಯಲ್ಲಿ ಅಂಗಡಿಗಳಿಗೆ ಅಂತ ಬಿಟ್ಟ ಆರು ಸೈಟುಗಳಲ್ಲಿ ಕಲ್ಲು ನೆಟ್ಟಿದ್ದರು. ಕಲ್ಲಿನ ಸುತ್ತ ಲಂಟಾನ ಆಳೆತ್ತರ ಬೆಳೆದಿತ್ತು. ಮೂರು ಸಲ ಹರಾಜು ಕೂಗಿದರು, ಒಂದು ನರಪಿಳ್ಳೆಯೂ ಬರಲಿಲ್ಲ. ಜಯನಗರದ ಶೆಟ್ಟರೊಬ್ಬರು ಬಂದು ನೋಡಿ, ಪಿಂಚಣಿಯವರ ಸಹವಾಸ ಬೇಡಪ್ಪ, ಕಾಲು ಕೆಜಿ ಬೇಳೆ ತಗೊಂಡು ಮೂರು ದಿನ ಮೂಸಿ ನೋಡ್ತಾರೆ ಅಂತ ಹೊರಟುಹೋದರು. ಒಂದು ಮೇಣದಬತ್ತಿ ಬೇಕಾದರೂ ಜಯನಗರ ಫೋರ್ತ್ ಬ್ಲಾಕಿಗೆ ಬಸ್ಸು ಹತ್ತಬೇಕು. ಬಸ್ಸು ದಿನಕ್ಕೆ ಎರಡೇ. ಹೆಡ್ ಮಾಸ್ಟರ್ ಶಾಮಣ್ಣನವರ ಹೆಂಡತಿ ಉಬ್ಬಸದ ಮಾತ್ರೆಗೆ ಕಾಯುತ್ತಲೇ ಸತ್ತರು. ಮಾತ್ರೆ ತರಲು ಹೋದ ಗಂಡ ಆಗ ಬಸ್ ಸ್ಟಾಪಿನಲ್ಲಿ ನಿಂತಿದ್ದರು.

ಸಂಘದ ಅಧ್ಯಕ್ಷರಾದ ಸೇತುರಾಮರು ಲೇಔಟ್ ಮಾಡಿದ ಕಚೇರಿಗೆ ಅರವತ್ತೊಂದು ಅರ್ಜಿ ಬರೆದರು. ಕೊನೆಯದರಲ್ಲಿ ರೋಸಿಹೋಗಿ, ಯಾವ ಅಂಗಡಿ ಬಂದರೂ ಸಂಘದ ಆಕ್ಷೇಪಣೆ ಇರುವುದಿಲ್ಲ ಎಂದು ಸೇರಿಸಿದರು. ಅರವತ್ತು ಅರ್ಜಿಗೆ ಮಾತಾಡದ ಕಚೇರಿ ಇದಕ್ಕೆ ಹದಿನೈದೇ ದಿನದಲ್ಲಿ ಮಾತಾಡಿತು. ನಾಲ್ಕನೇ ಹರಾಜಿಗೆ ಒಬ್ಬನೇ ಬಂದ, ಸಾರಾಯಿ ಕಂಟ್ರಾಕ್ಟರು. ಎಂಟು ವರ್ಷ ಹರಕೆ ಹೊತ್ತು ಮಾರಿಯನ್ನೇ ಮನೆಗೆ ಕರೆತಂದ ಹಾಗಾಯಿತು.

ತಗಡಿನ ಶೆಡ್ಡು ಎದ್ದಿತು. ಗ್ಲಾಸು ತುಂಬಿಕೊಡಲು ಕಂಟ್ರಾಕ್ಟರು ಪಿಳ್ಳಣ್ಣನನ್ನೇ ಇಟ್ಟುಕೊಂಡ. ಹಸುಗಳಿಗೆ ಮೇವಿಲ್ಲದೆ ಮಾರಿಕೊಂಡಿದ್ದ ಪಿಳ್ಳಣ್ಣ, ನನ್ನ ಹೊಲದಲ್ಲೇ ನನಗೆ ನಿಲ್ಲೋಕೆ ಜಾಗ ಸಿಕ್ತಲ್ಲ ಅಂತ ಒಪ್ಪಿಕೊಂಡ. ಅಂಗಡಿ ಕಾಯಲು ಬಂದವನು ಜಯಸಿಂಹ. ಬುಲೆಟ್ ಗಾಡಿ, ಸೊಂಟಕ್ಕೆ ಬೆಲ್ಟಿನ ಬದಲು ಸೈಕಲ್ ಚೈನು. ಕಲ್ಲುಕ್ವಾರಿಯ ಆಳುಗಳು ಮಧ್ಯಾಹ್ನದಿಂದಲೇ ಬಂದು ಕುಡಿದು ಒಬ್ಬರ ತಲೆ ಒಬ್ಬರು ಒಡೆದುಕೊಳ್ಳುತ್ತಿದ್ದರು. ಮೊದಲ ತಿಂಗಳೇ ಒಬ್ಬನ ಕರುಳು ರಸ್ತೆಗೆ ಬಂತು. ಎರಡನೇ ತಿಂಗಳು ಟೀಚರಾಗಿದ್ದ ಕಾತ್ಯಾಯಿನಿಯವರ ಸರ ಎಳೆದ ರಭಸಕ್ಕೆ ಅವರ ಕೊರಳು ಕುಯ್ದು ಒಂಬತ್ತು ಹೊಲಿಗೆ ಬಿತ್ತು. ಮೂರನೇ ತಿಂಗಳು ಶಾಮಣ್ಣನವರು, ನಮ್ಮ ಕಾಂಪೌಂಡಿಗೆ ಉಚ್ಚೆ ಹುಯ್ಯಬೇಡ್ರಪ್ಪ ಅಂದರು. ಜಯಸಿಂಹ ಚೈನು ಬಿಚ್ಚಿ ಮುಖಕ್ಕೆ ಬೀಸಿದ. ಎಡಗಣ್ಣು ಹೋಯಿತು. ಪೊಲೀಸರು ಬಂದು ಶೆಡ್ಡಿನ ಹಿಂದೆ ಕೂತು ಕುಡಿದು ಹೋದರು.

ಆ ವಾರದ ಶುಕ್ರವಾರ ಬೆಳಗ್ಗೆ ಸೇತುರಾಮರು ಏಳು ಜನರನ್ನು ಕಟ್ಟಿಕೊಂಡು ವೆಂಕಟಸ್ವಾಮಿಯ ಮನೆಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಕಾಫಿ ಆಗುತ್ತಾ ಅಂತ ತಾವೇ ಕೇಳಿದರು. ನಾಗಲಕ್ಷ್ಮಮ್ಮ ಮತ್ತೊಮ್ಮೆ ಡಿಕಾಕ್ಷನ್ ಇಳಿಸಿದಳು. ಎಂಟು ಲೋಟ ಖಾಲಿಯಾಗುವುದನ್ನು ವೆಂಕಟಸ್ವಾಮಿ ಬಾಗಿಲಿಗೊರಗಿ ನಿಂತು ನೋಡಿದ. ಅವನ ಕಣ್ಣು ತುಂಬಿತು. ಇದಕ್ಕಾಗಿ ಏನು ಕೇಳಿದರೂ ಕೊಡುತ್ತೇನೆ ಅಂದುಕೊಂಡ. ಅವರು ಕೇಳಿದ್ದು ಅವನ ಆ ಬಲಗೈಯನ್ನೇ.

"ವೆಂಕಟಸ್ವಾಮಿಗಳೇ, ನೀವು ನಮ್ಮವರು" ಅಂದರು ಸೇತುರಾಮರು. "ಇನ್ನು ಅರ್ಜಿ ಬರೆದು ಪ್ರಯೋಜನವಿಲ್ಲ. ಆ ಜಯಸಿಂಹನಿಗೆ ತಿಳಿಯೋ ಭಾಷೆ ನಮಗೆ ಬರಲ್ಲ, ನಿಮಗೆ ಬರುತ್ತೆ. ಭಾನುವಾರ ಮಧ್ಯಾಹ್ನ ಅವನು ಅಲ್ಲೇ ಇರ್ತಾನೆ. ಕೈಕಾಲು ಮುರೀರಿ. ಶೆಡ್ಡು ಸುಡೋಣ. ನಾವೆಲ್ಲ ನಿಮ್ಮ ಹಿಂದೆ ಇರ್ತೀವಿ."

ಹಾಗೆಂದು ಬಗಲಿನಿಂದ ಸಂಘದ ನಡಾವಳಿ ಪುಸ್ತಕ ತೆಗೆದರು. ಸಭೆ ಅಂದಮೇಲೆ ಹಾಜರಿದ್ದವರು ಸಹಿ ಹಾಕಬೇಕು, ಅದು ಪದ್ಧತಿ ಅಂದರು. ಎಂಟು ವರ್ಷದಲ್ಲಿ ಆ ಪುಸ್ತಕ ಅವನ ಕೈಗೆ ಬಂದದ್ದು ಅದೇ ಮೊದಲು. ಪುಟದ ತುಂಬ ಮೋಡಿ ಅಕ್ಷರ. ವೆಂಕಟಸ್ವಾಮಿ ಕೂಡಿಸಿಕೊಂಡು ಓದುವವನು, ಆ ಪುಟ ಮುಗಿಸಲು ಅರ್ಧ ಗಂಟೆ ಬೇಕಿತ್ತು. ಮನೆಗೆ ಬಂದು ಕಾಫಿ ಕುಡಿದವರ ಎದುರು ಅನುಮಾನದ ಮನುಷ್ಯನ ಹಾಗೆ ಓದುತ್ತ ಕೂರುವುದು ಅವನಿಗೆ ನಾಚಿಕೆಯಾಯಿತು. ಸೇತುರಾಮರ ಸಹಿಯ ಪಕ್ಕದಲ್ಲೇ, ಅಷ್ಟೇ ದಪ್ಪಕ್ಕೆ, ತನ್ನ ಸಹಿ ಹಾಕಿದ.

ಅವರು ಹೋದ ಮೇಲೆ ನಾಗಲಕ್ಷ್ಮಮ್ಮ ಲೋಟಗಳನ್ನು ಎತ್ತದೆ ಅಲ್ಲೇ ನಿಂತಿದ್ದಳು. ದೀಪದ ಆಣೆ ನೆನಪಿಸಿದಳು. ಅವನು, ಇದು ನನಗಾಗಿ ಅಲ್ಲ, ಎಲ್ಲರಿಗಾಗಿ ಅಂದ. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂದಳು. ಅಲ್ಲಿಂದ ಅವನೊಂದಿಗೆ ಮಾತು ಬಿಟ್ಟಳು.

ಭಾನುವಾರ ಮಟಮಟ ಮಧ್ಯಾಹ್ನ ವೆಂಕಟಸ್ವಾಮಿ ಗುದ್ದಲಿಯ ಕಾವು ಕಳಚಿಕೊಂಡು ಹೊರಟ. ಹಿಂದೆ ಹನ್ನೆರಡು ಜನ ಮುದುಕರು, ಕೈಯಲ್ಲಿ ವಾಕಿಂಗ್ ಸ್ಟಿಕ್ಕು, ಒಬ್ಬರ ಕೈಯಲ್ಲಿ ರೇಷನ್ನಿನ ಸೀಮೆಎಣ್ಣೆ. ಶೆಡ್ಡಿನೆದುರು ಬುಲೆಟ್ ಇರಲಿಲ್ಲ. ಒಳಗೆ ಅಮಲಿನಲ್ಲಿದ್ದ ಇಬ್ಬರು ಇವರನ್ನು ಕಂಡು ಓಡಿದರು. ಉಳಿದವನು ಪಿಳ್ಳಣ್ಣ ಒಬ್ಬನೇ, ಗ್ಲಾಸು ತೊಳೆಯುತ್ತಿದ್ದ. ವೆಂಕಟಸ್ವಾಮಿ ಕಾವು ಕೆಳಗಿಳಿಸಿ ಹಿಂದಿರುಗಿ ನೋಡಿದ. ಜಯಸಿಂಹ ಇಲ್ಲ, ನಡೀರಿ ಅಂದ.

"ಇಷ್ಟು ಜನ ಬಂದು ಸುಮ್ಮನೆ ಹೋದರೆ ನಾಳೆ ಅವನು ನಮ್ಮನ್ನ ಉಳಿಸ್ತಾನಾ?" ಸೇತುರಾಮರ ಗಂಟಲು ಕೀರಲಾಗಿತ್ತು. "ಇವನೂ ಅವರ ಕಡೆಯವನೇ. ಹೊಡೀರಿ."

ಹಿಂದಿದ್ದ ಇನ್ನಾರೋ ಹೊಡೀರಿ ಅಂದರು. ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಶಾಮಣ್ಣನವರೂ ಅಂದರು. ವೆಂಕಟಸ್ವಾಮಿಯ ತೋಳು ಆ ಮಾತನ್ನು ಮೂವತ್ತೊಂದು ವರ್ಷ ಕೇಳಿದ ತೋಳು. ಮನಸ್ಸು ಬೇಡ ಅನ್ನುವಷ್ಟರಲ್ಲಿ ಕಾವು ಮೇಲೆದ್ದಿತ್ತು. ಪಿಳ್ಳಣ್ಣ ತಲೆಗೆ ಅಡ್ಡ ಬಲಗೈ ತಂದ. "ಅಣ್ಣ, ನಾನು ಕಣಣ್ಣ, ಪಿಳ್ಳಣ್ಣ" ಅಂದ. ಮೊದಲನೇ ಏಟಿಗೆ ಮೊಣಕೈ ಮುರಿಯಿತು. ಎರಡನೆಯದಕ್ಕೆ ಮೂಳೆ ಚರ್ಮ ಹರಿದು ಈಚೆ ಬಂತು. ಏಟು ಬಿದ್ದಾಗೆಲ್ಲ ವೆಂಕಟಸ್ವಾಮಿ ಹಿಂದಿರುಗಿ ನೋಡುತ್ತಿದ್ದ, ಯಾರಾದರೂ ಸಾಕು ಅನ್ನುತ್ತಾರೇನೋ ಅಂತ. ಯಾರೂ ಅನ್ನಲಿಲ್ಲ. ಮುದುಕರ ಮುಖಗಳು ಕೆಂಪಾಗಿದ್ದವು, ಉಸಿರು ಏರಿತ್ತು, ಕೆಲವರು ನಗುತ್ತಲೂ ಇದ್ದರು. ಅದನ್ನು ಕಂಡು ಅವನಿಗೆ ಹೇಸಿಗೆಯಾಯಿತು. ಕೈ ಮಾತ್ರ ನಿಲ್ಲಲಿಲ್ಲ. ಹೊಗೆ ಕಣ್ಣಿಗೆ ಹೊಡೆದಾಗಲೇ ನಿಂತಿದ್ದು. ಶೆಡ್ಡಿಗೆ ಬೆಂಕಿ ಬಿದ್ದಿತ್ತು, ಬಂದವರೆಲ್ಲ ಆಗಲೇ ಮನೆ ಕಡೆ ನಡೆದಿದ್ದರು. ಪಿಳ್ಳಣ್ಣನನ್ನು ಕಾಲು ಹಿಡಿದು ಬೆಂಕಿಯಿಂದ ಈಚೆಗೆ ಎಳೆದುಹಾಕಿದವನು ವೆಂಕಟಸ್ವಾಮಿಯೇ.

ಸಂಜೆಗೆ ಮುಂಚೆ ಜಯಸಿಂಹ ಆರು ಜನರೊಂದಿಗೆ ಬಂದ. ವೆಂಕಟಸ್ವಾಮಿಯನ್ನು ಮನೆಯಿಂದ ಎಳೆದು ನಡುರಸ್ತೆಯಲ್ಲಿ ಕೆಡವಿದರು. ಚೈನು ಬೆನ್ನಿನ ಮಾಂಸವನ್ನು ಕಿತ್ತುಕೊಂಡು ಬರುತ್ತಿತ್ತು. ಎದುರುಮನೆಯ ಕಿಟಕಿ ಪರದೆ ಒಂದು ಸಲ ಸರಿದು ಮತ್ತೆ ಮುಚ್ಚಿಕೊಂಡಿತು. ನೂರಾ ಅರವತ್ತು ಮನೆಯಲ್ಲಿ ಒಂದು ಚಿಲಕವೂ ತೆಗೆಯಲಿಲ್ಲ. ಈಳಿಗೆಮಣೆ ಎತ್ತಿಕೊಂಡು ಓಡಿಬಂದವಳು ನಾಗಲಕ್ಷ್ಮಮ್ಮ. ಮೊದಲು ಸಿಕ್ಕವನ ತೊಡೆ ಸೀಳಿ, ಗಂಡನ ಮೇಲೆ ಅಡ್ಡ ನಿಂತಳು. ಅಷ್ಟರಲ್ಲಿ ಪೊಲೀಸ್ ವ್ಯಾನು ಬಂತು. ಹಿಡಿದದ್ದು ವೆಂಕಟಸ್ವಾಮಿಯನ್ನು.

ಪಿಳ್ಳಣ್ಣನ ಕೈ ಕೊಳೆತು, ಆಸ್ಪತ್ರೆಯಲ್ಲಿ ಮೊಣಕೈ ಮೇಲಕ್ಕೆ ಕತ್ತರಿಸಿದರು. ಆರು ತಿಂಗಳ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಷರಟಿನ ಖಾಲಿ ತೋಳು ಜೋಲಾಡಿಸಿಕೊಂಡು ನಿಂತ. "ಹೊಡೆದೋರು ಇವರೇ ಸ್ವಾಮಿ. ಹೊಡಿ ಅಂದೋರು ಆ ಬೆಂಚಿನ ಮೇಲೆ ಕುಂತವ್ರೆ" ಅಂದ. ಹೆಸರು ಕೇಳಿದರು. ಹೆಸರು ಗೊತ್ತಿಲ್ಲ, ಎಂಟು ವರ್ಷ ಗೇಟಿನಾಚೆ ನಿಂತು ಹಾಲು ಹಾಕಿದವನು, ಮನೆ ನಂಬರ್ ಗೊತ್ತು ಅಂದ. ಹದಿನೇಳು, ಇಪ್ಪತ್ತೆರಡು, ನಲವತ್ತು ಅಂತ ಒಂದೊಂದಾಗಿ ಹೇಳಿದ. ಬೆಂಚಿನ ಮೇಲಿದ್ದವರು ಕನ್ನಡಕ ಒರೆಸಿಕೊಂಡರು.

ಆಮೇಲೆ ಸೇತುರಾಮರು ಸಾಕ್ಷಿ ಕಟಕಟೆಗೆ ಬಂದು ನಡಾವಳಿ ಪುಸ್ತಕ ಕೊಟ್ಟರು. ಹಾವೂ ಸಾಯಬೇಕು, ಕೋಲೂ ಮುರೀಬಾರದು ಅನ್ನುವ ಜಾತಿಯ ಮನುಷ್ಯ. ಗುಮಾಸ್ತ ಗಟ್ಟಿಯಾಗಿ ಓದಿದ. ಸಾರಾಯಿ ಅಂಗಡಿಯ ವಿಷಯದಲ್ಲಿ ಕಮಿಷನರಿಗೆ ಇನ್ನೊಂದು ಮನವಿ ಸಲ್ಲಿಸತಕ್ಕದ್ದು, ಯಾವ ಸದಸ್ಯರೂ ಕಾನೂನನ್ನು ಕೈಗೆ ತೆಗೆದುಕೊಳ್ಳತಕ್ಕದ್ದಲ್ಲ, ಹಾಗೆ ಮಾಡಿದರೆ ಸಂಘ ಜವಾಬ್ದಾರಿಯಲ್ಲ ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಕೆಳಗೆ ಒಂಬತ್ತು ಸಹಿ.

"ಇದು ನಿನ್ನ ಸಹಿಯಾ?" ಮ್ಯಾಜಿಸ್ಟ್ರೇಟರು ಕೇಳಿದರು.

ಓದದೆ ಹಾಕಿದೆ ಅಂತ ಹೇಳು ಎಂದು ವಕೀಲ ಮೊದಲೇ ಹೇಳಿಕೊಟ್ಟಿದ್ದ. ವೆಂಕಟಸ್ವಾಮಿ ಆ ಪುಟವನ್ನು ನೋಡಿದ. ಆವತ್ತು ಕಾಫಿ ಕುಡಿಯುವ ಮೊದಲೇ ಅವರು ಇದನ್ನು ಬರೆದುಕೊಂಡು ಬಂದಿದ್ದರು. ಸುಳ್ಳು ಸಹಿ ಅಂದರೆ, ಓದಲಿಲ್ಲ ಅಂದರೆ, ತಾನು ಯಾವತ್ತೂ ಅವರಲ್ಲಿ ಒಬ್ಬನಾಗಿರಲಿಲ್ಲ ಅಂತ ಎಲ್ಲರೆದುರು ತಾನೇ ಒಪ್ಪಿಕೊಂಡ ಹಾಗೆ. ಅಷ್ಟು ಮಾತ್ರ ಅವನಿಂದ ಆಗಲಿಲ್ಲ.

"ನಂದೇ" ಅಂದ.

ಬಾಯಿಮಾತು ಬರಹದ ಮುಂದೆ ನಿಲ್ಲಲಿಲ್ಲ. ಎರಡೂವರೆ ವರ್ಷ ಅಂತಾಯಿತು.

ಹೊರಗೆ ಕಾರಿಡಾರಿನಲ್ಲಿ ಕಾನ್‌ಸ್ಟೇಬಲ್ ಬೇಡಿ ಹಾಕಿ ನಿಲ್ಲಿಸಿಕೊಂಡಿದ್ದಾಗ ಸೇತುರಾಮರು ಹತ್ತಿರ ಬಂದರು. ಮುಖದಲ್ಲಿ ನಿಜವಾದ ಮರುಕ ಇತ್ತು, ಅದೇ ಕೆಟ್ಟದ್ದು. ಧೈರ್ಯವಾಗಿರಿ, ಶಿಕ್ಷೆ ಕಡಿಮೆ ಮಾಡಿ ಅಂತ ಮನವಿ ಬರೆದಿದ್ದೀನಿ, ಸದಸ್ಯರೆಲ್ಲ ಸಹಿ ಹಾಕ್ತಾರೆ ಅಂದರು. ಜೇಬಿನಿಂದ ಹಾಳೆ ತೆಗೆದು ಬಿಡಿಸಿ, ಪೆನ್ನಿನ ಟೋಪಿ ಕಳಚಿದರು.

"ಮೊದಲು ನೀವು ಇಲ್ಲೊಂದು ಸಹಿ ಹಾಕಿಬಿಡಿ."

ವೆಂಕಟಸ್ವಾಮಿ ಈ ಸಲ ಹಿಂದಿರುಗಿ ಯಾರನ್ನೂ ನೋಡಲಿಲ್ಲ. ಎರಡೂ ಕೈ ಜೋಡಿಸಿ ಎತ್ತಿ, ಬೇಡಿಯ ಕಬ್ಬಿಣ ಬಾಯಿಗೆ ತಗಲುವ ಹಾಗೆ ಬೀಸಿದ. ಸೇತುರಾಮರ ಹಲ್ಲಿನ ಸೆಟ್ಟು ಎರಡು ಹೋಳಾಗಿ ನೆಲಕ್ಕೆ ಬಿತ್ತು, ಆಮೇಲೆ ಅವರು ಬಿದ್ದರು. ಜೀವಮಾನದಲ್ಲಿ ಯಾರೂ ಹೇಳದೆ, ತನಗೇ ಅನ್ನಿಸಿ, ವೆಂಕಟಸ್ವಾಮಿ ಹೊಡೆದ ಮೊದಲನೇ ಏಟು ಅದು. ಒಂದೇ ಏಟಿಗೆ ನಿಲ್ಲಿಸಿದ. ಅದಕ್ಕೂ ಯಾರೂ ಸಾಕು ಅನ್ನಬೇಕಾಗಲಿಲ್ಲ.

ನಾಗಲಕ್ಷ್ಮಮ್ಮ ಹತ್ತಡಿ ದೂರದಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬಂದು, ಕೆಳಗೆ ಬಿದ್ದಿದ್ದ ಗಂಡನ ಟವಲನ್ನು ಕೊಡವಿ ಅವನ ಹೆಗಲಿಗೆ ಹಾಕಿದಳು. ಆ ಶುಕ್ರವಾರದಿಂದ ಮಾತು ಬಿಟ್ಟಿದ್ದವಳು, ಊಟ ಬಿಡಬೇಡಿ ಅಂದಳು.

ಆ ಏಟಿಗೆ ಮತ್ತೆ ಆರು ತಿಂಗಳು ಬಿತ್ತು. ಆ ಆರು ತಿಂಗಳ ಬಗ್ಗೆ ವೆಂಕಟಸ್ವಾಮಿಗೆ ಯಾರ ಮೇಲೂ ದೂರಿರಲಿಲ್ಲ.