ಹುಳಿಯಿಲ್ಲದ ರೊಟ್ಟಿ

ಮನೀಶ್ ಬ್ರದರ್ ಬೋಧಕನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರಲ್ಲೇ ತಮಿಳುನಾಡಿನ ಪುರಸೈವಾಕ್ಕಂನ ಆ ಪುಟ್ಟ ಕನ್ನಡ ಕ್ರೈಸ್ತ ಸಭೆಯವರಿಗೆ ತಾವು ಅರ್ಧ ಯೆಹೂದ್ಯರೆಂಬ ಭ್ರಮೆ ಹತ್ತಿಬಿಟ್ಟಿತ್ತು. ಅಜ್ಜನ ಕಾಲದಲ್ಲಿ ಮಂಗಳೂರಿಂದ ಬಂದು, ಇವತ್ತಿಗೂ ಮೀನಿನ ಗಸಿ ಬಿಡದ ಜನ ಈಗ ಎದುರಾದರೆ ನಮಸ್ಕಾರದ ಬದಲು "ಶಾಲೋಮ್" ಅನ್ನುತ್ತಿದ್ದರು. ಮನೀಶ್ ಆನ್‌ಲೈನಿನಲ್ಲಿ ಒಂದು ಟಗರಿನ ಕೊಂಬು ಬೇರೆ ತರಿಸಿದ್ದ. ಊದಿದರೆ ಕ್ರಿಸ್ತನ ಮರುಬರೋಣದ ತುತೂರಿ ನೆನಪಾಗಬೇಕಿತ್ತಂತೆ. ನೆನಪಾಗುತ್ತಿದ್ದದ್ದು ತಿರುವೊಟ್ಟಿಯೂರು ಬಸ್ಸಿನ ಹಾರನ್ನು.

"ಬಸ್ಸೇ ವಾಸಿ, ಅದು ಎಲ್ಲಿಗಾದರೂ ಹೋಗ್ತದೆ" ಅಂದಿದ್ದರು ಸುವಾಸಿನಿ ಟೀಚರು.

ಟೀಚರ ನಾಲಿಗೆ ಹರಿತ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಯಾರ ಮುಲಾಜೂ ಇಟ್ಟುಕೊಂಡವರಲ್ಲ. ಆದರೆ ಒಂದು ವಿಷಯದಲ್ಲಿ ಅವರೂ ಮೆತ್ತಗೆ. ಕ್ರಿಸ್ತನ ನೆನಪಿಗೆ ಸಭೆಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ ಮದುವೆಯಾಗಿ ಬಂದಂದಿನಿಂದ ಅವರ ಕೈಯದ್ದೇ. ಅತ್ತೆ ಕಣ್ಣು ಮುಚ್ಚುವ ಮೊದಲು ಹಿಟ್ಟು ಹುಳಿ ಬರಿಸುವ ಪಾತ್ರೆ ಕೊಟ್ಟು, "ಇದೊಂದು ಬಿಡಬೇಡ" ಅಂದಿದ್ದರು. ಗಂಡನನ್ನು ಮಣ್ಣು ಮಾಡಿದ ವಾರವೂ ಟೀಚರು ಬಿಟ್ಟಿರಲಿಲ್ಲ.

ಈಗ ಆ ಪಾತ್ರೆಯೇ ಪಾಪದ ಪಾತ್ರೆಯಾಗಿತ್ತು. ಯೆಹೂದ್ಯರ ಹಬ್ಬಗಳಿಗೆ ಕ್ರೈಸ್ತ ಅರ್ಥ ಹೇಳುತ್ತೇನೆಂದು ಮನೀಶ್ ವಾರವಾರ ಕೊರೆಯುತ್ತಿದ್ದ. ಪಸ್ಕ ಹಬ್ಬದ ಕುರಿ ಕ್ರಿಸ್ತ, ಪ್ರಥಮಫಲದ ಹಬ್ಬ ಪುನರುತ್ಥಾನ, ಪರ್ಣಶಾಲೆಗಳ ಹಬ್ಬ ದೇವರು ನಮ್ಮ ನಡುವೆ ಬಿಡಾರ ಹೂಡುವುದು. ಅಲ್ಲಿಯವರೆಗೆ ಟೀಚರಿಗೆ ತಕರಾರಿಲ್ಲ, ಅದೆಲ್ಲ ಸಂಡೇ ಸ್ಕೂಲಿನಲ್ಲೇ ಕಲಿತದ್ದು. ಆ ಹಬ್ಬಗಳು ಯಾರವೋ ಅವರನ್ನು ಒಂದು ಮಾತು ಕೇಳುವ ಸೌಜನ್ಯವೂ ಇವನಿಗಿಲ್ಲವಲ್ಲ ಎಂದು ಗೊಣಗಿದ್ದರಷ್ಟೆ. ಆಮೇಲೆ ಬಂತು ಹುಳಿಯಿಲ್ಲದ ರೊಟ್ಟಿಯ ಹಬ್ಬ. ಹುಳಿ ಅಂದರೆ ಪಾಪ, ಹಾಗಾಗಿ ಉಬ್ಬಿದ ರೊಟ್ಟಿ ಕರ್ತನ ಮೇಜಿನ ಮೇಲೆ ಬರಕೂಡದು.

"ಆಂಟಿ, ಡೋಂಟ್ ಮಿಸ್ಟೇಕ್ ಮಿ. ನಿಮ್ಮ ಬ್ರೆಡ್ ರೊಂಬ ಚೆನ್ನಾಗಿರತ್ತೆ" ಅಂದ ಮನೀಶ್, ತಮಿಳು ಬೆರೆತ ಕನ್ನಡದಲ್ಲಿ. "ಆನಾ ಅದು ಪಾಪದ ಗುರುತು."

"ನಿನ್ನ ಬಾಯಿಗೆ ಅದು ಇಷ್ಟು ದಿನ ಹೇಗೆ ಇಳಿಯಿತು ಮಾರಾಯ?"

ಮನೀಶ್ ಕರುಣೆಯಿಂದ ನಕ್ಕ. ಕರ್ತನೇ ತನ್ನ ರಾಜ್ಯವನ್ನು ಹೆಂಗಸೊಬ್ಬಳು ನಾದಿದ ಹುಳಿಹಿಟ್ಟಿಗೆ ಹೋಲಿಸಿದ್ದಾನೆ, ಬೈಬಲಿನ ಆ ಭಾಗ ಈ ಪುಣ್ಯಾತ್ಮನ ಮೊಬೈಲಿನಲ್ಲಿ ಇನ್ನೂ ತೆರೆದುಕೊಂಡಿರಲಿಲ್ಲ. ಸಭೆಯ ಹಿರಿಯ ಸಂಜೀವಪ್ಪ ಎಂದಿನಂತೆ ಎರಡೂ ಕಡೆ ತಲೆಯಾಡಿಸಿದರು. ಗುರುವಾರ ಸಂಜೆ ಪಸ್ಕದ ಊಟ ಆಗಲಿ, ಈಸ್ಟರಿನ ರೊಟ್ಟಿ ಯಾವುದೆಂದು ಅಲ್ಲೇ ತೀರ್ಮಾನಿಸೋಣ ಅಂದರು.

ಹುಳಿಯಿಲ್ಲದ ರೊಟ್ಟಿ ಬೇಕೆಂದು ಮನೀಶನೇ ಎದುರಿನ ಸದಾನಂದನ ಹೋಟೆಲಿಗೆ ಹೋಗಿ ಹೇಳಿಬಂದ. ತಮಿಳು ಶಾಲೆಯಲ್ಲಿ ಓದಿದ ಹುಡುಗ, ಶುದ್ಧ ಕನ್ನಡ ಅಂತ ಅವನಿಗೆ ಬರುತ್ತಿದ್ದದ್ದು ವೇದಪಾಠದ, ಅಂದರೆ ಬೈಬಲಿನ, ಕನ್ನಡವೊಂದೇ. ಸದಾನಂದ ಉಡುಪಿ ಕಡೆಯವ. ಅವನ ಕಿವಿಗೆ ಹುಳಿ ಅಂದರೆ ಬೇಳೆ, ತರಕಾರಿ, ಒಗ್ಗರಣೆ.

ಗುರುವಾರ ಮನೀಶ್ ಯೆಹೂದ್ಯರ ಹಾಗೆ ಹೆಗಲಿಗೆ ಶಾಲು ಹೊದ್ದು ರೊಟ್ಟಿ ಎತ್ತಿ ಹಿಡಿದ. "ಈ ಸುಟ್ಟ ಕಲೆ ಕರ್ತನ ಗಾಯ. ಇದರಲ್ಲಿ ಹುಳಿ ಇಲ್ಲ, ಅವನಲ್ಲಿ ಪಾಪ ಇಲ್ಲ. ಬಾಯಲ್ಲಿಟ್ಟರೆ ವ್ಯತ್ಯಾಸ ಗೊತ್ತಾಗತ್ತೆ."

ಜನ ಕಣ್ಣು ಮುಚ್ಚಿ ಅಗಿದರು. ಎಷ್ಟು ಮೃದು, ಎಷ್ಟು ಪರಿಶುದ್ಧ ಎಂದು ಸಂಜೀವಪ್ಪ ಗದ್ಗದಿತರಾದರು. ಟೀಚರು ಒಂದು ತುಣುಕು ಬಾಯಿಗಿಟ್ಟವರು ಹಾಗೇ ಕೂತರು. ಈ ವಾಸನೆ ಅವರ ಅಡುಗೆಮನೆಯದು. ಹಿಟ್ಟು ಚೆನ್ನಾಗಿ ಹುದುಗಿ ಬಂದಿತ್ತು. ಹೇಳೋಣವೆಂದರೆ ಮುದುಕಿಗೆ ಹೊಟ್ಟೆಯುರಿ ಅನ್ನುತ್ತಾರೆ, ಸುಮ್ಮನಿದ್ದರೆ ಅತ್ತೆಯ ಪಾತ್ರೆ ಅಟ್ಟ ಸೇರುತ್ತದೆ. ಜೀವಮಾನದಲ್ಲಿ ಮೊದಲ ಸಲ ಅವರು ನಾಲಿಗೆಯ ತುದಿಗೆ ಬಂದ ಮಾತನ್ನು ರೊಟ್ಟಿಯ ಜೊತೆ ನುಂಗಿದರು.

ಆಗ ಸದಾನಂದ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದ.

"ಕ್ಷಮಿಸಬೇಕು ಬ್ರದರ್. ಹುಳಿ ಬೇಡ ಅಂದಿದ್ರಿ, ಆದರೆ ಬರೀ ರೊಟ್ಟಿ ಹೇಗೆ ತಿನ್ನುದು ಅಂತ ಮನಸ್ಸು ಕೇಳಲಿಲ್ಲ. ನುಗ್ಗೆಕಾಯಿ ಹುಳಿ ಉಂಟು. ಅದಿಲ್ಲದೆಯೂ ಗಂಟಲಲ್ಲಿ ಇಳೀಬೇಕಲ್ಲ ಅಂತ ಹಿಟ್ಟಿಗೆ ಮೊಸರು, ಯೀಸ್ಟು ಹಾಕಿ ಬೆಳಿಗ್ಗೆಯೇ ಉಬ್ಬಲಿಕ್ಕೆ ಇಟ್ಟಿದ್ದೆ. ಮೆತ್ತಗೆ ಬಂದದೆಯಾ?"

ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಕೈಯಲ್ಲಿದ್ದ ರೊಟ್ಟಿಯನ್ನು ಎಲ್ಲಿಡಬೇಕೆಂದೇ ಮನೀಶನಿಗೆ ತಿಳಿಯಲಿಲ್ಲ.

"ಪರವಾಗಿಲ್ಲ" ಅಂದ ಕೊನೆಗೆ. "ದೇವರು ರೊಟ್ಟಿ ನೋಡಲ್ಲ. ಹೃದಯ ನೋಡ್ತಾರೆ."

"ಹೌದಾ?" ಟೀಚರಿಗೆ ನಾಲಿಗೆ ವಾಪಸು ಬಂದಿತ್ತು. "ಹಾಗಾದರೆ ನನ್ನ ಅತ್ತೆಯ ಹೃದಯ ಯಾಕೆ ಕಾಣಲಿಲ್ಲ ಅವರಿಗೆ? ಪಾತ್ರೆಯ ಮುಚ್ಚಳ ಅಡ್ಡ ಬಂತಾ?"

ಮನೀಶ್ ಶಾಲು ಮಡಚತೊಡಗಿದ. ಸಂಜೀವಪ್ಪ ಅವನ ಕಡೆ ನೋಡಲಿಲ್ಲ, ಈ ಸಲ ಎರಡೂ ಕಡೆ ತಲೆಯಾಡಿಸಲೂ ಇಲ್ಲ. ತಟ್ಟೆಯನ್ನು ಸದಾನಂದನ ಮುಂದೆ ಚಾಚಿ, "ಹುಳಿ ಹಾಕಿ" ಅಂದರು. ಆಮೇಲೆ, ತಟ್ಟೆಯ ಕಡೆಗೇ ನೋಡುತ್ತ, "ಭಾನುವಾರ ಈಸ್ಟರಿಗೆ ಸ್ವಲ್ಪ ಬೇಗ ಬನ್ನಿ ಟೀಚರ್, ರೊಟ್ಟಿ ಬಿಸಿ ಇರಲಿ" ಎಂದರು.

ಟೀಚರ ಹತ್ತಿರ ಇನ್ನೂ ನಾಲ್ಕು ಚುಚ್ಚುಮಾತು ಬಾಕಿ ಇದ್ದವು. ಅಷ್ಟರಲ್ಲಿ ಕಣ್ಣು ತುಂಬಿಬಿಟ್ಟಿತು. ಇಷ್ಟು ಜನರ ಮುಂದೆ ಹೀಗಾಯಿತಲ್ಲ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

"ಎಂತ ಖಾರ ಮಾರಾಯ ನಿನ್ನ ಹುಳಿ" ಎಂದು ಸದಾನಂದನನ್ನು ಗದರಿದರು. ಅವನು ಇನ್ನೂ ಅವರ ತಟ್ಟೆಗೆ ಬಡಿಸಿಯೇ ಇರಲಿಲ್ಲ.