ಮೂರು ಹನಿ ಅಂಟು

ಎಗೋನ್‌ನ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ಎಗೋನ್ ನನ್ನ ಗಂಡ. ಊರಾಚೆಯ ಜಲ್ಲಿ ಕ್ವಾರಿಯಲ್ಲಿ ಮೂವತ್ತೊಂದು ವರ್ಷ ಒಂದೇ ಕ್ರೇನ್ ಓಡಿಸಿದವನು. ಅದನ್ನು ಗುಜರಿಯವರು ಕತ್ತರಿಸಿ ಲಾರಿಗೆ ಹೇರಿದ ದಿನ ಅವನು ಮನೆಗೆ ಬಂದವನೇ ಬೂಟು ಬಿಚ್ಚಿ, ಊಟ ಕೂಡ ಮಾಡದೆ, ಅಡುಗೆಮನೆಯ ಮೇಜಿನ ಮೇಲೆ, ಒಂದಕ್ಕೊಂದು ಒತ್ತಿ ಜೋಡಿಸುವ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿ ಸುರಿದುಕೊಂಡಿದ್ದ. ಆ ಮೇಜು ಆಮೇಲೆ ನನಗೆ ಪೂರ್ತಿಯಾಗಿ ವಾಪಸ್ ಸಿಗಲೇ ಇಲ್ಲ.

ಡೆನ್ಮಾರ್ಕಿನ ಬೇರೆ ಮೂಲೆಯಲ್ಲಾದರೆ ಜನ ನಗುತ್ತಿದ್ದರೇನೋ. ನಮ್ಮ ಕಡೆ ಆ ಇಟ್ಟಿಗೆಯನ್ನು ಯಾರೂ ಆಟಿಕೆ ಅನ್ನುವುದಿಲ್ಲ. ಅದನ್ನು ಅಚ್ಚು ಹಾಕುವ ಕಾರ್ಖಾನೆಯಲ್ಲೇ ಅರ್ಧ ಊರು ದುಡಿದಿದೆ. ಇನ್ನರ್ಧ ಊರಿನ ಗಂಡಸರು ಗುರುವಾರ ಸಂಜೆ ಶಾಲೆಯ ಮರಗೆಲಸದ ಕೋಣೆಯಲ್ಲಿ ಸೇರಿ ಬುಲ್ಡೋಜರು, ರೋಲರು, ಕಾಂಕ್ರೀಟ್ ಲಾರಿಗಳ ಪುಟ್ಟ ಮಾದರಿ ಕಟ್ಟುತ್ತಾರೆ. ಎಲ್ಲ ಅಂಗೈ ಮೇಲೆ ಕೂರುವಷ್ಟೇ. ದೊಡ್ಡದನ್ನು ಯಾರು ಬೇಕಾದರೂ ಕಟ್ಟಬಹುದು, ಚಿಕ್ಕದರಲ್ಲಿ ಇಟ್ಟಿಗೆಯ ನೆತ್ತಿಯ ಮೇಲಿನ ಗುಬುಟಿನ ಅರ್ಧದಷ್ಟು ತಪ್ಪಿದರೂ ಯಂತ್ರದ ಮುಖವೇ ಬದಲಾಗುತ್ತದೆ ಅಂತ ಇವರ ವಾದ. ಇದನ್ನು ಸಾವಿರ ಸಲ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಅವರದೊಂದು ಕಟ್ಟುಪಾಡು. ಚಾಕು ಮುಟ್ಟುವಂತಿಲ್ಲ, ಅಂಟು ಮುಟ್ಟುವಂತಿಲ್ಲ. ಒಬ್ಬ ತನ್ನ ಮಾದರಿಯನ್ನು ತೋರಿಸಿದರೆ ಇನ್ನೊಬ್ಬ ಅದರಿಂದ ಒಂದು ತುಂಡು ಕಿತ್ತು, ನೋಡಿ, ಮತ್ತೆ ಅಲ್ಲೇ ಒತ್ತಿ ಕೂರಿಸಬೇಕು. ಕೈಕುಲುಕುವುದರ ಬದಲು ಇದು. ನೋಡಿದ್ದೀನಿ, ಮೆಚ್ಚಿದ್ದೀನಿ ಅಂತ ಅದರ ಅರ್ಥ.

ಎಗೋನ್‌ಗೆ ಇದ್ದ ಆಸೆ ಒಂದೇ. ಕೈ ಪೂರ್ತಿ ಕೈಕೊಡುವುದರೊಳಗೆ ತನ್ನ ಕ್ರೇನನ್ನು ಸರಿಯಾಗಿ ಕಟ್ಟಿ, ವಸಂತದ ಪ್ರದರ್ಶನದಲ್ಲಿ ತನ್ನ ಹೆಸರಿನ ಮೇಜಿನ ಮೇಲೆ ಇಡಬೇಕು. ಅದರ ಒಂದು ಒಳ್ಳೆಯ ಫೋಟೋ ಕೂಡ ಉಳಿದಿರಲಿಲ್ಲ. ಇದ್ದದ್ದು ಅವನ ನೆನಪು, ಚೌಕುಳಿ ಕಾಗದದ ಮೇಲೆ ಬರೆದು ಅಳಿಸಿ ಬರೆದ ಚಿತ್ರಗಳು, ಆ ಹಳದಿ ತುಂಡುಗಳು.

ತೊಂದರೆ ಬಂದದ್ದು ತೋಳಿನಲ್ಲಿ. ಕ್ರೇನಿನ ತೋಳು ಉದ್ದ, ಸಪೂರ. ಅದು ಕ್ಯಾಬಿನ್ನಿಗೆ ಕೂಡುವ ಬುಡದಲ್ಲಿ ಹಿಡಿತ ಸಾಲುತ್ತಿರಲಿಲ್ಲ. ಮೇಜಿನ ಮೇಲಿದ್ದಾಗ ನಿಲ್ಲುತ್ತಿತ್ತು. ಕಿಟಕಿಯ ಕಟ್ಟೆಗೆ ಎತ್ತಿಡೋಣ ಅಂತ ಹೊರಟರೆ ಅವನ ಕೈ ನಡುಗಿ, ತೋಳು ಕಳಚಿ, ಜೊತೆಗೆ ಅರ್ಧ ಕ್ಯಾಬಿನ್ ಕಿತ್ತುಕೊಂಡು ನೆಲಕ್ಕೆ. ಮೊದಲೆರಡು ಸಲ ಬೈದುಕೊಂಡು ಆರಿಸಿದ. ಮೂರನೇ ಸಲ ಆರಿಸಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತುಬಿಟ್ಟ. ನಾನು ಮಂಡಿಯೂರಿ ಒಲೆಯ ಕೆಳಗಿನಿಂದ ಹಳದಿ ತುಂಡುಗಳನ್ನು ಗುಡಿಸಿ ತೆಗೆಯುತ್ತಿದ್ದೆ.

"ನಾನು ಜೋಡಿಸ್ಲಾ? ನೀನು ಹೇಳು, ನಾನು ಒತ್ತುತ್ತೀನಿ," ಅಂದೆ.

"ಆಗ ಅದು ನಿನ್ನ ಕ್ರೇನ್ ಆಗತ್ತೆ, ಬೋಡಿಲ್."

"ನನ್ನ ಹೆಸರಲ್ಲಿ ಒಂದು ಕ್ರೇನ್ ಇದ್ರೆ ಏನು ಕಳ್ಕೊಳ್ತೀಯೋ?"

ಅವನು ನಗಲಿಲ್ಲ. ಆ ದಿನ ಬ್ರೆಡ್ಡಿನ ಮೇಲೆ ಹಚ್ಚಿಕೊಟ್ಟ ಲಿವರ್ ಪೇಸ್ಟ್ ಕೂಡ ಹಾಗೇ ಒಣಗಿತು. ನಲವತ್ತು ವರ್ಷ ಡೈರಿಯಲ್ಲಿ ಗಾಲಿಯಷ್ಟು ದೊಡ್ಡ ಚೀಸ್ ಗಟ್ಟಿಗಳನ್ನು ಎತ್ತಿದ ಕೈ ನನ್ನದು, ಅದನ್ನು ಅವನಿಗೆ ಕೊಡಲು ಬರುವ ಹಾಗಿರಲಿಲ್ಲ.

ಮರುದಿನ ಮಂಗಳವಾರ ಅವನು ವ್ಯಾಯಾಮದ ಚಿಕಿತ್ಸೆಗೆ ಹೋಗಿದ್ದ. ಬೆಳಿಗ್ಗೆಯೇ ಹೇಗೋ ಕಷ್ಟಪಟ್ಟು ಕ್ರೇನನ್ನು ಮತ್ತೆ ಜೋಡಿಸಿಟ್ಟಿದ್ದ, ಬುಡದಲ್ಲಿ ಒಂದು ತುಂಡನ್ನು ಅಡ್ಡಡ್ಡ ತಿರುಗಿಸಿ ಹಾಕಿದ್ದ. ನನ್ನ ಅಮ್ಮನ ನೀಲಿ ಕಪ್ಪಿನ ಹಿಡಿ ಮುರಿದಾಗ ತಂದ ಅಂಟು ಡ್ರಾಯರಿನಲ್ಲಿತ್ತು. ತೋಳಿನ ಬುಡದಲ್ಲಿ, ಹೊರಗೆ ಕಾಣದ ಕಡೆ, ಮೂರು ಹನಿ ಬಿಟ್ಟೆ. ಅದು ಮಾಡಬಾರದ ಕೆಲಸ ಅಂತ ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಅಂತ ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಸಂಜೆ ಅವನು ಕ್ರೇನನ್ನು ಎತ್ತಿಕೊಂಡು ಕಿಟಕಿಯವರೆಗೆ ನಡೆದ. ಕೈ ನಡುಗಿತು, ತೋಳು ಅಲ್ಲಾಡಿತು, ಕಳಚಲಿಲ್ಲ. ವಾಪಸ್ ತಂದ. ಮತ್ತೆ ಒಯ್ದ.

"ಬೋಡಿಲ್! ಬಾ ಇಲ್ಲಿ, ನೋಡು! ಆ ಒಂದು ತುಂಡು ತಿರುಗಿಸಿದ್ದೇ ತಿರುಗಿಸಿದ್ದು, ಬಂಡೆ ಥರ ಕೂತಿದೆ ಕಣೇ. ಹನ್ನೊಂದು ತಿಂಗಳಿಂದ ಇದನ್ನೇ ಹುಡುಕ್ತಿದ್ದೆ!"

"ಕಂಡೆ, ಕಂಡೆ. ನೆಲ ಗುಡಿಸೋ ಕೆಲಸ ತಪ್ತು," ಅಂದೆ. ಅವನ ಖುಷಿ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಅದರ ಜೊತೆಗೇ ಹೆದರಿಕೆಯೂ ಆಯಿತು. ಎರಡು ವಾರ ಅವನು ಗಡದ್ದಾಗಿ ಉಂಡ. ಫೋನಿನಲ್ಲಿ ಕಂಡಕಂಡವರಿಗೆಲ್ಲ ಆ ಅಡ್ಡ ತುಂಡಿನ ಕತೆ ಹೇಳಿದ.

ಆಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಇದ್ದಕ್ಕಿದ್ದಂತೆ ತನ್ನ ಎಡ ಮಂಡಿ ಮುಟ್ಟಿಕೊಂಡ.

"ಇಲ್ಲಿ ತಾಗ್ತಿತ್ತು. ಚಳಿಗಾಲದಲ್ಲಿ ಕ್ಯಾಬಿನ್ನಲ್ಲಿ ಕೂತ್ರೆ ತೋಳಿನ ಬುಡದ ಕಬ್ಬಿಣ ನನ್ನ ಮಂಡಿಗೆ ಇಲ್ಲಿ ತಣ್ಣಗೆ ತಾಗ್ತಿತ್ತು. ಇದ್ರಲ್ಲಿ ನಾನು ಬುಡಾನ ಅರ್ಧ ಗುಬುಟು ಮುಂದಿಟ್ಟುಬಿಟ್ಟಿದ್ದೀನಲ್ಲ!"

ಕ್ರೇನನ್ನು ಮುಂದೆಳೆದುಕೊಂಡು ಬುಡದ ತುಂಡಿಗೆ ಉಗುರು ಹಾಕಿದ. ಬರಲಿಲ್ಲ. ತುಂಡು ಬಿಡಿಸುವ ಕಿತ್ತಳೆ ಬಣ್ಣದ ಸಲಾಕೆ ತಂದು ಮೀಟಿದ. ಬರಲಿಲ್ಲ. ಹಲ್ಲು ಕಚ್ಚಿ, ಮೊಣಕೈ ಮೇಜಿಗೆ ಊರಿ ಎಳೆದ. ನಾನು ಸಿಂಕಿನ ಹತ್ತಿರ ನಿಂತು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಸಲಾಕೆಯನ್ನು ಮೆಲ್ಲಗೆ ಕೆಳಗಿಟ್ಟ. "ನಡುಕ ಮೊದಲು, ಬಲ ಹೋಗೋದು ಕೊನೇಲಿ ಅಂದಿದ್ರು ಡಾಕ್ಟ್ರು," ಅಂದ. "ಕೊನೆ ಇಷ್ಟು ಬೇಗ ಬರತ್ತೆ ಅಂದ್ಕೊಂಡಿರ್ಲಿಲ್ಲ. ಕೈ ಹೋಯ್ತು, ಬೋಡಿಲ್."

ಆಗಲೇ ಹೇಳಬೇಕಿತ್ತು. ಆದರೆ ಏನಂತ ಹೇಳಲಿ? ನಿನ್ನ ಕೈ ಸರಿಯಾಗಿದೆ, ಅದು ಅಂಟು ಅಂದರೆ, ಹನ್ನೊಂದು ತಿಂಗಳು ಹುಡುಕಿದ ಆ ಜೋಡಣೆ ಸುಳ್ಳು ಅಂತಲೂ ಹೇಳಿದ ಹಾಗೆ. ಹೇಳದೆ ಇದ್ದರೆ ಕೈ ಸತ್ತಿತು ಅಂತ ಅವನು ನಂಬುತ್ತಾನೆ. ಎರಡರಲ್ಲಿ ಯಾವುದನ್ನು ಅವನಿಂದ ಕಿತ್ತುಕೊಳ್ಳುವುದು ಅಂತ ತೀರ್ಮಾನಿಸುವ ಹೊತ್ತಿಗೆ ಅವನು ಎದ್ದು ಹೋಗಿ ಫೋನು ಹಿಡಿದಿದ್ದ.

"ಪ್ರೆಬೆನ್, ಪ್ರದರ್ಶನದಲ್ಲಿ ನನ್ನ ಮೇಜನ್ನ ಬೇರೆಯವ್ರಿಗೆ ಕೊಟ್ಬಿಡು. ಹೌದು, ಹೌದು. ಇಟ್ಟಿಗೆ ಡಬ್ಬಿಗಳನ್ನೂ ತಗೊಂಡು ಹೋಗು, ಶನಿವಾರ ಬಾ."

ಶನಿವಾರದವರೆಗೆ ನಾಲ್ಕು ದಿನವಿತ್ತು. ನಾಲ್ಕು ದಿನವೂ ಇವತ್ತು ಹೇಳುತ್ತೇನೆ ಅಂತ ಎದ್ದೆ, ನಾಳೆ ಹೇಳುತ್ತೇನೆ ಅಂತ ಮಲಗಿದೆ. ಅವನು ಕೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದ. ಊಟಕ್ಕೆ ಕೂತರೆ ಬ್ರೆಡ್ಡನ್ನು ನಾನೇ ಕತ್ತರಿಸಿ ಕೊಡಲಿ ಅಂತ ಕಾಯುತ್ತಿದ್ದ. ಅದುವರೆಗೆ ಚಾಕುವಿಗೆ ನನ್ನ ಜೊತೆ ಜಗಳ ಆಡುತ್ತಿದ್ದ ಮನುಷ್ಯ.

ಪ್ರೆಬೆನ್ ಮೂರು ಗಂಟೆಗೆ ಬಂದ. ಗುರುವಾರದ ಆ ಕ್ಲಬ್ಬಿಗೆ ಅವನೇ ಮುಖ್ಯಸ್ಥ. ಛಾವಣಿಗೆ ಹಂಚು ಹೊದಿಸುವ ಕೆಲಸದವನು, ಹೆಬ್ಬೆರಳು ನೋಡಿದರೆ ಭಯವಾಗಬೇಕು. ಬಾಗಿಲಲ್ಲಿ ಬೂಟು ಬಿಚ್ಚಿ, ಸಾಕ್ಸಿನ ತೂತು ಮರೆಸಿಕೊಂಡು ಬಂದು ಕೂತ. ಕಾಫಿ ಬಗ್ಗಿಸುವಾಗ ಕೈಗೆ ಸಿಕ್ಕ, ಹಿಡಿ ಅಂಟಿಸಿದ ಅಮ್ಮನ ನೀಲಿ ಕಪ್ಪನ್ನೇ ಅವನ ಮುಂದಿಟ್ಟೆ. ಬುದ್ಧಿ ಎಲ್ಲಿತ್ತೋ.

"ಇದೇನಾ ಮಹಾರಾಜ? ಫೋನಲ್ಲಿ ನನ್ನ ತಲೆ ತಿಂದ ಕ್ರೇನು?" ಅಂದ ಪ್ರೆಬೆನ್. ಕ್ರೇನನ್ನು ತಿರುಗಿಸಿ ತಿರುಗಿಸಿ ನೋಡಿದ. "ಚೆನ್ನಾಗಿದೆ ಕಣೋ. ಹಾಳಾದೋನೇ, ತುಂಬಾ ಚೆನ್ನಾಗಿದೆ. ಯಾವ್ದು ತೆಗೀಲಿ?"

"ಬುಡದ್ದು ತೆಗಿ. ನನ್ನಿಂದ ಆಗ್ಲಿಲ್ಲ."

ಪ್ರೆಬೆನ್ ಹೆಬ್ಬೆರಳು ಕೊಟ್ಟು ಎಳೆದ. ಹಿಡಿತ ಬದಲಿಸಿ ಮತ್ತೆ ಎಳೆದ. ಕುತ್ತಿಗೆ ಕೆಂಪಾಯಿತು. ಆಮೇಲೆ ಸಂದಿಯ ಮೇಲೆ ಒಂದು ಸಲ ಉಗುರು ಆಡಿಸಿದ, ನಿಲ್ಲಿಸಿದ, ನನ್ನ ಕಡೆ ನೋಡಿದ. ನಾನು ಕಣ್ಣು ಕೆಳಗೆ ಹಾಕಿದೆ.

"ಹೊಸ ತುಂಡು ಮಾರಾಯ, ಬಿಗಿ ಇದೆ," ಅಂದ ಪ್ರೆಬೆನ್. "ನನ್ನಿಂದಾನೂ ಆಗ್ತಿಲ್ಲ."

ಎಗೋನ್ ತಲೆಯೆತ್ತಿದ. "ನಿನ್ನಿಂದಾನೂ ಆಗ್ತಿಲ್ವಾ?"

ನಾಲ್ಕು ದಿನದಿಂದ ಕಾಣದ ಜೀವ ಅವನ ಮುಖಕ್ಕೆ ಬಂತು. ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಇತ್ತು ಅದು. ಆಮೇಲೆ ಅವನ ನೋಟ ಪ್ರೆಬೆನ್‌ನ ಹೆಬ್ಬೆರಳಿಗೆ ಹೋಯಿತು, ಅಲ್ಲಿಂದ ನೀಲಿ ಕಪ್ಪಿನ ಹಿಡಿಗೆ, ಅಲ್ಲಿಂದ ನನಗೆ.

ಕೈಯನ್ನು ಜೇಬಿನಿಂದ ತೆಗೆದ. ಕ್ರೇನ್ ವಾಲದಂತೆ ಹಿಂಬದಿಗೆ ಹಾಕಿದ್ದ ತೂಕದ ತುಂಡು ಹಿಡಿದು ಎಳೆದ. ಟಕ್ ಅಂತ ಬಂತು. ಕ್ಯಾಬಿನ್ನಿನ ಛಾವಣಿ ಎಳೆದ, ಬಂತು. ಕಿಟಕಿ, ಕ್ರೇನ್ ಉರುಳುವ ಪಟ್ಟಿ, ಪಟ್ಟಿಯೊಳಗಿನ ಗಾಲಿಗಳು, ಒಂದೊಂದನ್ನೇ ತೆಗೆದು ಬಣ್ಣದ ಪ್ರಕಾರ ಸಾಲಾಗಿ ಇಟ್ಟ. ಬೆರಳು ನಡುಗುತ್ತಲೇ ಇತ್ತು, ಆದರೆ ಒಂದು ತುಂಡೂ ಅವನಿಗೆ ಎದುರಾಡಲಿಲ್ಲ. ಕೊನೆಗೆ ಮೇಜಿನ ಮೇಲೆ ಉಳಿದದ್ದು ತೋಳಿನ ಬುಡ ಮತ್ತು ಅದಕ್ಕೆ ಕಚ್ಚಿಕೊಂಡ ಆರು ಹಳದಿ ತುಂಡುಗಳ ಒಂದು ಮುದ್ದೆ.

"ಎಷ್ಟು ಹನಿ?" ಅಂತ ನನ್ನನ್ನು ಕೇಳಿದ.

"ಮೂರು."

"ಕೈ ಇದೆ ಹಾಗಾದ್ರೆ," ಅಂದ. "ತೋಳೇ ತಾನಾಗಿ ನಿಂತಿರ್ಲಿಲ್ಲ, ಅಷ್ಟೇ."

"ಎಗೋನ್, ಪ್ರದರ್ಶನಕ್ಕೆ ಇನ್ನೂ ಐದು ವಾರ ಇದೆ ಕಣೋ," ಅಂದ ಪ್ರೆಬೆನ್. "ಬುಡ ಇನ್ನೊಂದು ಸಲ ಯೋಚನೆ ಮಾಡು. ಕ್ಲಬ್ಬಿಂದ ತುಂಡು ತರ್ತೀನಿ."

"ಹನ್ನೊಂದು ತಿಂಗಳು ಹಿಡೀತು, ಪ್ರೆಬೆನ್. ಇನ್ನೊಂದು ಹನ್ನೊಂದು ತಿಂಗಳು ಈ ಕೈಲಿಲ್ಲ."

ಬೈದಿದ್ದರೆ ನನಗೂ ಒಂದು ದಾರಿ ಇರುತ್ತಿತ್ತು, ತಿರುಗಿ ಬೈಯಬಹುದಿತ್ತು, ಅಳಬಹುದಿತ್ತು. ಅವನು ಬೈಯಲಿಲ್ಲ. ಆ ಮುದ್ದೆಯನ್ನು ಎತ್ತಿ ನನ್ನ ಸಾಸರಿನ ಪಕ್ಕಕ್ಕೆ ಇಟ್ಟ, ಸಕ್ಕರೆ ತುಂಡು ಇಟ್ಟ ಹಾಗೆ. "ಇದು ನಿನ್ನದು," ಅಂದ. ಮಿಕ್ಕಿದ್ದನ್ನೆಲ್ಲ ಅಂಗೈಯಿಂದ ಒರೆಸಿ ಡಬ್ಬಿಗೆ ತಳ್ಳಿದ.

ಪ್ರೆಬೆನ್ ಎದ್ದು, ಬೂಟು ಹಾಕಿಕೊಂಡು, ನಾಲ್ಕು ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡ. ಅವನ ಎರಡೂ ಕೈ ತುಂಬಿದ್ದವು. ಬಾಗಿಲನ್ನು ನಾನೇ ತೆಗೆದೆ.