ಮೂರು ಬಟ್ಟಲು

ಮಧ್ಯದ ಬಟ್ಟಲನ್ನು ಮಗಳು ಮೊಣಕೈಯಿಂದ ದೂರ ತಳ್ಳಿದಾಗ ಅವನಿಗೆ ಬೇಸರವಾಗಬೇಕಿತ್ತು. ಆಗಿದ್ದು ಪುಳಕ.

ಮೂರರಲ್ಲೂ ಬೇಯಿಸಿ ಹಿಸುಕಿದ ಆಲೂಗಡ್ಡೆ. ಅವಳು ಒಂದಿಷ್ಟು ಮೈ ತುಂಬಿಕೊಳ್ಳಲೆಂದು ಮಧ್ಯದ್ದರಲ್ಲಿ ಮಾತ್ರ ಚಿಟಿಕೆ ಮೊಟ್ಟೆಪುಡಿ ಬೆರೆಸಿದ್ದ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ರುಚಿ ನೋಡುವುದೇ ಅವನ ಕೆಲಸ. ಮೂರು ಮಾದರಿ ಮುಂದಿಟ್ಟರೆ ಬೇರೆಯದು ಯಾವುದೆಂದು ಹೇಳಬೇಕು. ಅವನ ನಾಲಿಗೆಯ ಮೇಲೆ ಅಲ್ಲಿ ಎಲ್ಲರಿಗೂ ಭರವಸೆ. ಆದರೆ ಈ ಮೂರನ್ನು ತಾನೇ ಚಪ್ಪರಿಸಿ ನೋಡಿದಾಗ ಅವನಿಗೆ ವ್ಯತ್ಯಾಸ ತಿಳಿದಿರಲಿಲ್ಲ.

ಆರು ವರ್ಷದ ಮಗಳು ಗುಬ್ಬಿಗೆ ಸೇರುತ್ತಿದ್ದುದು ಅಂಚು ತೆಗೆದ ಬ್ರೆಡ್ಡು, ಮುರಿಯದ ಬಿಸ್ಕತ್ತು, ಈ ಆಲೂಗಡ್ಡೆ. ಬೇರೇನಾದರೂ ತುಟಿಗೆ ತಗುಲಿದರೆ ಓಕರಿಕೆ. ಹಟವೆಂದು ನೆಂಟರು ಮೂಗು ಮುರಿದರು. ಹಟವಲ್ಲ, ಅವಳ ಬಾಯಿಗೆ ಅದು ನಿಜಕ್ಕೂ ಸಹಿಸಲಾಗದ್ದು ಎಂದಿದ್ದರು ಡಾಕ್ಟರು. ಕದ್ದುಮುಚ್ಚಿ ತಿನ್ನಿಸಬೇಡಿ ಎಂದೂ ಹೇಳಿದ್ದರು. ಆ ಎರಡನೇ ಮಾತು ಅವನ ತಲೆಗೆ ಅಷ್ಟಾಗಿ ಹೋಗಿರಲಿಲ್ಲ.

"ಹೇಗೆ ಗೊತ್ತಾಯ್ತು ನಿಂಗೆ? ವಾಸನೆನಾ?"

ಗುಬ್ಬಿ ಬಟ್ಟಲನ್ನು ಇನ್ನಷ್ಟು ದೂರ ತಳ್ಳಿದಳು.

"ಅಂಟುತ್ತಾ?"

"ಅದು ಬೇರೆ, ಅಪ್ಪ."

ಬೇರೆ. ಅವನು ಇಷ್ಟು ವರ್ಷ ವರದಿಗಳಲ್ಲಿ ಬರೆಯುತ್ತ ಬಂದ ಮಾತು. ಈಚೆಗೆ ಪಕ್ಕದವರ ಮುಖ ನೋಡಿ ಬರೆಯುತ್ತಿದ್ದ. ಅವನ ನಾಲಿಗೆಗೆ ವ್ಯತ್ಯಾಸ ತಿಳಿಯುವುದೇ ನಿಂತಿತ್ತು. ಮಗಳ ಮೇಲೆ ಹೊಟ್ಟೆಕಿಚ್ಚಾಯಿತು. ಅಷ್ಟೇ ಕುತೂಹಲವೂ ಆಯಿತು.

ಅಡುಗೆಮನೆಗೆ ಹೋಗಿ, ಪುಡಿಯನ್ನು ಅರ್ಧಕ್ಕಿಳಿಸಿ, ಬಟ್ಟಲುಗಳ ಜಾಗ ಬದಲಿಸಿ ತಂದ. ಅವಳು ಮೂಸಿದಳು. ಎಡಗಡೆಯದನ್ನು ತಳ್ಳಿದಳು. ಸರಿಯಾಗಿತ್ತು! ಅವನು ಚಪ್ಪಾಳೆ ತಟ್ಟುವುದೊಂದು ಬಾಕಿ. ಮೂರನೇ ಸಲ ಬೆರಳ ತುದಿಗೆ ಅಂಟಿದಷ್ಟೇ ಪುಡಿ ಹಾಕಿದ.

ಈ ಸಲ ಗುಬ್ಬಿ ಬಟ್ಟಲುಗಳನ್ನು ಮೂಸಲಿಲ್ಲ. ಅವನನ್ನು ನೋಡಿದಳು. ಆಮೇಲೆ ಮೂರನ್ನೂ ಒಂದೊಂದಾಗಿ ಸರಿಸಿಬಿಟ್ಟಳು.

"ಎರಡ್ರಲ್ಲಿರೋದು ನಿಂದೇ ಆಲೂಗಡ್ಡೆ, ಪುಟ್ಟಾ. ನಿಜವಾಗ್ಲೂ."

"ಬೇಡ."

ಕೆಲಸದಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಮೂರು ಬಟ್ಟಲು ಯಾಕೆ?"

"ಸುಮ್ನೆ."

"ಏನಾದ್ರೂ ಬೆರೆಸಿದ್ರಾ?"

"ಅಂಥದ್ದೇನಿಲ್ಲ."

ಅವಳು ಬಟ್ಟೆಯನ್ನೂ ಬದಲಿಸದೆ ಬೇರೆ ಆಲೂಗಡ್ಡೆ ಬೇಯಿಸಿ, ಮಗಳ ಕಣ್ಣೆದುರೇ ಹಿಸುಕಿದಳು. ಗುಬ್ಬಿ ಆ ಕಡೆ ತಿರುಗಲೂ ಇಲ್ಲ. "ಬಿಸಿಬಿಸಿಯಾಗಿ ತಿಂತಿದ್ದಿದ್ದು ಇದೊಂದೇ ಅಲ್ವಾ," ಎನ್ನುತ್ತ ಹೆಂಡತಿ ಅಳತೊಡಗಿದಳು. ಅವನಿಗೆ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು; ಹೇಳಲಿಲ್ಲ.

ಆ ಹೊಸ ಆಲೂಗಡ್ಡೆಯನ್ನೇ ಚಮಚದ ತುದಿಯಲ್ಲಿ ತುಸು ತೆಗೆದು ಮಗಳ ಮುಂದೆ ಹಿಡಿದ. "ಆ ಅನ್ನು, ಚಿನ್ನಾ."

ಗುಬ್ಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಏನಿರಬಹುದು ಎಂಬಂತೆ ಅವನ ಬಾಯೊಳಗೇ ಇಣುಕುತ್ತಿದ್ದಳು. ಮಗುವಿಗೆ ಉಣಿಸುವ ಎಲ್ಲರ ಹಾಗೆ, ತನಗರಿವಿಲ್ಲದೆ, ಅವನೂ ಬಾಯಿ ತೆರೆದಿದ್ದ. ಚಮಚದಲ್ಲಿದ್ದುದು ಆರುತ್ತ ಹೋಯಿತು. ಅವನ ಬಾಯಿ ತೆರೆದೇ ಇತ್ತು.